‘ಎಷ್ಟ್ ಸಿಸಿ?’ ಆಮ್ಯಾಲ, ಲೆಕ್ಕ ಮೊದಲು

ನಮ್ಮ ಹುಬ್ಬಳ್ಳಿ-ಧಾರವಾಡದಾಗ ಟರ್ಬೊ ಗಾಡಿ ಇಟ್ಕೊಂಡ ಹುಡುಗರ ನಡುವೆ ಹೊಸ ಪ್ರತಿಷ್ಠೆಯೊಂದು ಶುರುವಾಗಿದೆ. ಮೊದಲು ‘ಮೈಲೇಜ್ ಎಷ್ಟ್ ಕೊಡ್ತದ?’ ಅಂತ ಕೇಳ್ತಿದ್ರು. ಆಮೇಲೆ ‘ಸ್ಟೇಜ್ ಒನ್ನೋ, ಟೂನೋ?’ ಬಂತು. ಈಗ ‘ಇಂಜೆಕ್ಟರ್ ಎಷ್ಟ್ ಸಿಸಿ ಹಾಕ್ಸೀಯಪಾ?’ 440 ಅಂದವನ ಮುಂದೆ 550 ಅಂದವ ಎದೆ ಉಬ್ಬಿಸ್ತಾನ. 1000 ಅಂದವನ ಕತಿ ಅಂತೂ ಕೇಳಬ್ಯಾಡ್ರಿ.

ನನ್ನ ತಕರಾರು ಗಾಡಿ ಮಾಡಿಫೈ ಮಾಡಿಸೋರ ಮೇಲಲ್ಲ. ಅದೂ ಒಂದು ಹುಚ್ಚು, ನನಗೂ ಐತಿ. ತಕರಾರು ಇರೋದು ‘ದೊಡ್ಡದ ಹಾಕ್ಸಿಬಿಡು, ಮುಂದ ಬೇಕಾಗ್ತದ’ ಅನ್ನೋ ಒಂದು ಮಾತಿನ ಮೇಲೆ. ಈ ಮಾತು ಹೇಳೋರು ಮಾರೋರು, ಕೇಳಿ ದುಡ್ಡು ಕೊಡೋರು ನಾವು. ನಾಳೆ ಪಿಸ್ಟನ್ ಕರಗಿ ಇಂಜಿನ್ ಇಳಿಸೋ ಪ್ರಸಂಗ ಬಂದ್ರ, ಆ ಖರ್ಚೂ ನಮ್ದ.

ಇಂಜೆಕ್ಟರ್ ಪವರ್ ಹುಟ್ಟಿಸೋದಿಲ್ಲ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ; ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಕೊಡೋದಷ್ಟೇ ಇಂಜೆಕ್ಟರ್ ಕೆಲಸ. ಗಿರಮಿಟ್ ಮಾಡೋರಿಗೆ ಇದನ್ನ ಹೇಳಿಕೊಡಬೇಕಿಲ್ಲ. ಚುರುಮುರಿ ಹೆಚ್ಚಾದ್ರ ಮಸಾಲಿ ಹೆಚ್ಚಬೇಕು. ಚುರುಮುರಿ ಇದ್ದಷ್ಟ ಇದ್ದು ಮಸಾಲಿ ಡಬಲ್ ಸುರುವಿದ್ರ ಅದು ಗಿರಮಿಟ್ ಅಲ್ಲ, ಗೊಜ್ಜು.

ಹಾಗಾದ್ರೆ ಎಷ್ಟು ಬೇಕು? ಇದಕ್ಕೆ ಒಂದು ಗುಣಾಕಾರ, ಎರಡು ಭಾಗಾಕಾರ ಸಾಕು. ಟರ್ಬೊ ಪೆಟ್ರೋಲ್ ಇಂಜಿನ್ ಒಂದು ಹಾರ್ಸ್‌ಪವರಿಗೆ ಗಂಟೆಗೆ ಸುಮಾರು 0.6 ಪೌಂಡ್ ಪೆಟ್ರೋಲ್ ಕುಡೀತದ ಅಂತ ಹಿಡೀರಿ. ಅದನ್ನು ಬೇಕಾದ ಹಾರ್ಸ್‌ಪವರಿನಿಂದ ಗುಣಿಸಿ, ಸಿಲಿಂಡರುಗಳ ಸಂಖ್ಯೆಯಿಂದ ಭಾಗಿಸಿ, ಆಮೇಲೆ 0.8ರಿಂದ ಭಾಗಿಸಿ. 0.8 ಯಾಕಂದ್ರೆ, 6000 ಆರ್‌ಪಿಎಂನಲ್ಲಿ ಎರಡು ಸುತ್ತಿನ ಪೂರಾ ಕೆಲಸಕ್ಕೆ ಸಿಗೋದು 20 ಮಿಲಿಸೆಕೆಂಡ್. ಇಂಜೆಕ್ಟರ್ ಅದರಲ್ಲಿ 16ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು.

ನೆಕ್ಸಾನ್ ತೊಗೊಳ್ಳಿ, ನಮ್ಮ ಕಡೆ ಓಣಿಗೊಂದು ಐತಿ. ಅದರ 1.2 ಲೀಟರ್ ರೆವೊಟ್ರಾನ್, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್. 120 ಹಾರ್ಸ್‌ಪವರಿಗೆ ಲೆಕ್ಕ ಹಾಕಿದರೆ ಇಂಜೆಕ್ಟರಿಗೆ ಗಂಟೆಗೆ 30 ಪೌಂಡ್, ಅಂದರೆ ನಿಮಿಷಕ್ಕೆ ಸುಮಾರು 315 ಸಿಸಿ. 150 ಬೇಕಂದ್ರ 37.5 ಪೌಂಡ್, ಸುಮಾರು 394 ಸಿಸಿ. 550 ಯಾಕ ಬೇಕ್ರೀ? 1000 ಯಾರಿಗೆ?

ಒಂದು ವಿನಾಯಿತಿ ಐತಿ, ಅದನ್ನ ಮಾರೋರು ಹೇಳೋದ ಇಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಸಾಕು, ಶೇ. 20ರ ಮಿಶ್ರಣಕ್ಕೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಹತ್ತಿರ ಹತ್ತಿರ ಶೇ. 9ರಷ್ಟು ಹೆಚ್ಚು ಇಂಧನ. ಆ 394, ಇ20 ಲೆಕ್ಕದಲ್ಲಿ 430ರ ಹತ್ತಿರ ಬರುತ್ತದೆ. 440ಕ್ಕೆ ಸಮರ್ಥನೆ ಇದೆ. 1000ಕ್ಕೆ ಈಗಲೂ ಇಲ್ಲ.

‘ದೊಡ್ಡದಿದ್ರ ಏನಾತು, ಕಡಿಮಿ ತೆರೀತದ’ ಅಂತಾರೆ. ಅರ್ಧ ಸತ್ಯ. ಪ್ರತಿ ಇಂಜೆಕ್ಟರಿಗೂ ಕರೆಂಟ್ ಬಂದ ಮೇಲೆ ಬಾಯಿ ತೆರೆಯಲು ಒಂದಿಷ್ಟು ಹೊತ್ತು ಹಿಡಿಯುತ್ತದೆ, ಬ್ಯಾಟರಿ ವೋಲ್ಟೇಜ್ ಇಳಿದರೆ ಇನ್ನೂ ಹೆಚ್ಚು. ಆ ಹೊತ್ತಿನ ಲೆಕ್ಕ ಇಸಿಯುಗೆ ಗೊತ್ತಿದ್ದರೆ ದೊಡ್ಡ ಇಂಜೆಕ್ಟರೂ ಚಂದಾಗಿ ನಡೆಯುತ್ತದೆ. ಪೊಟ್ಟಣದ ಮೇಲೆ ಸಿಸಿ ಬಿಟ್ಟು ಬೇರೇನೂ ಇಲ್ಲದ ಅಗ್ಗದ ಮಾಲು ಹಾಕಿದರೆ, ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿ ಗಡಗಡ ಅಂತದ. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸುಡುತ್ತದೆ. ಇನ್ನು ಪೂರ್ತಿ ಬೂಸ್ಟಿನಲ್ಲಿ ಪೆಟ್ರೋಲ್ ಕಡಿಮೆ ಬಿದ್ದರೆ ನಾಕಿಂಗ್, ಆಮೇಲೆ ಪಿಸ್ಟನ್.

ಎಷ್ಟೋ ಸಲ ತಪ್ಪು ಇಂಜೆಕ್ಟರದ್ದೇ ಆಗಿರೋದಿಲ್ಲ. ರೇಲಿನ ಒತ್ತಡ 4 ಬಾರ್‌ನಲ್ಲೇ ನಿಂತು, ಟರ್ಬೊ 1 ಬಾರ್ ಎದುರು ಒತ್ತಿದರೆ, ಉಳಿಯೋದು 3. ಹರಿವು ಶೇ. 13ರಷ್ಟು ಬಿತ್ತು. ಪೆಟ್ರೋಲ್ ಪಂಪ್ ಸುಸ್ತಾಗಿದ್ದರೆ, ಫಿಲ್ಟರ್ ಕಟ್ಟಿದ್ದರೆ, ದೊಡ್ಡ ಇಂಜೆಕ್ಟರ್ ಏನು ಕೊಟ್ಟೀತು? ಟ್ಯಾಂಕಿನಾಗ ನೀರಿಲ್ಲಂದ್ರ ನಳ ದೊಡ್ಡದು ಹಾಕಿ ಏನು ಮಾಡ್ತೀರಿ? ವಾರಗಟ್ಟಲೆ ನೀರಿನ ದಾರಿ ಕಾಯ್ದ ಹುಬ್ಬಳ್ಳಿ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಾ?

ಟಿಎಸ್‌ಐ ಇರೋರಂತೂ ಮೇಲಿನ ಸೂತ್ರ ಮರೆತುಬಿಡಿ. ಅಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಬೀಳುತ್ತದೆ, ನೂರಾರು ಬಾರ್ ಒತ್ತಡದಲ್ಲಿ, ಅರ್ಧಕ್ಕಿಂತ ಕಡಿಮೆ ಸಮಯದಲ್ಲಿ. ಮೊದಲು ಕೈಕೊಡೋದು ಬಹಳ ಸಲ ಹೈ ಪ್ರೆಶರ್ ಪಂಪ್. ಕಾಮನ್ ರೇಲ್ ಡೀಸೆಲ್ಲಿನಲ್ಲಿ ಎಷ್ಟೋ ಗಾಡಿಗಳಿಗೆ ಒಂದೊಂದು ಇಂಜೆಕ್ಟರಿಗೂ ಅದರದೇ ಕೋಡ್ ಇರುತ್ತದೆ, ಇಸಿಯುನಲ್ಲಿ ಬರೆಯಬೇಕು. ಅದು ಬಿಟ್ಟು ಬರೀ ನಾಜಲ್ ದೊಡ್ಡದು ಮಾಡಿದರೆ ಸಿಗೋದು ಕರಿ ಹೊಗೆ. ಹಿಂದೆ ಬರೋನ ಮುಖಕ್ಕೆ ಮಸಿ ಬಳಿಯೋದಕ್ಕೆ ‘ಟ್ಯೂನಿಂಗ್’ ಅನ್ನಬ್ಯಾಡ್ರಿ.

ನನಗೆ ಸಿಟ್ಟು ಬರೋದು ಎಲ್ಲಿ ಅಂದ್ರ, ಈ ಮಾತಿಗೆ ಬಲಿಬೀಳೋರು ಓದದ ಮಂದಿ ಅಲ್ಲ. ಬಿವಿಬಿಯಲ್ಲೋ ಎಸ್‌ಡಿಎಮ್ಮಿನಲ್ಲೋ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಕಂಪನಿಗೆ ವಿದ್ಯಾನಗರದ ಮನೆಯಿಂದಲೇ ಕೋಡ್ ಬರೆಯೋರು. ಆಫೀಸಿನಲ್ಲಿ ಯಾರಾದ್ರೂ ‘ದೊಡ್ಡ ಸರ್ವರ್ ತೊಗೊಂಡುಬಿಡೋಣ, ಮುಂದ ಬೇಕಾಗ್ತದ’ ಅಂದ್ರೆ, ಲೋಡ್ ಎಷ್ಟು, ಗ್ರಾಫ್ ಎಲ್ಲಿ ಅಂತ ಮುಗಿಬೀಳ್ತೀರಿ. ಗೋಕುಲ ರೋಡಿನ ಗ್ಯಾರೇಜಿಗೆ ಬಂದ ಕೂಡಲೇ ಆ ಬುದ್ಧಿ ಎಲ್ಲಿ ಹೋಗ್ತದ? ಅಲ್ಲಿ ‘ಮೊದಲು ಪಂಪ್ ಪ್ರೆಶರ್ ನೋಡೋಣ್ರಿ’ ಅನ್ನೋ ಹಳೇ ಮಿಸ್ತ್ರಿ ನಿಮಗೆ ಹಿಂದುಳಿದವ, ಲ್ಯಾಪ್‌ಟಾಪ್ ತೆರೆದು ‘ನಲವತ್ತು ಹಾರ್ಸ್‌ಪವರ್ ಗ್ಯಾರಂಟಿ’ ಅನ್ನೋವ ಪಂಡಿತ.

ಕಾನೂನನ್ನೂ ತಿಳ್ಕೊಂಡಿರ್ರಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬರೆದಿರೋದು ಮಾಲೀಕನಿಗೆ ಅಂತ, ನೆನಪಿರಲಿ. ಮತ್ತೆ, ಹೊಸ ಇಂಜೆಕ್ಟರ್ ಹಾಕ್ಸಿ ಬೈಪಾಸಿನಲ್ಲಿ ‘ಟೆಸ್ಟ್’ ಮಾಡ್ತೀನಿ ಅನ್ನೋರಿಗೆ ಒಂದು ಮಾತು: 2021ರ ಜನವರಿ 15ರಂದು ಇಟಿಗಟ್ಟಿ ಹತ್ತಿರ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಸತ್ತದ್ದು ಅದೇ ರಸ್ತೆಯ ಅಪಘಾತದಲ್ಲಿ. ಆ ರಸ್ತೆ ಯಾರ ಡೈನೊನೂ ಅಲ್ಲ.

ದುಡ್ಡು ಕೊಡೋ ಮೊದಲು ಮೂರು ಕಾಗದ ಕೇಳ್ರಿ. ಒಂದು, ಗಾಡಿ ಈಗ ಇರೋ ಸ್ಥಿತಿಯಲ್ಲಿ ಪೂರ್ತಿ ಬೂಸ್ಟಿನ ಲಾಗ್: ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು, ರೇಲ್ ಒತ್ತಡ ಎಷ್ಟಿತ್ತು, ಗಾಳಿ-ಪೆಟ್ರೋಲಿನ ಪ್ರಮಾಣ ಎಷ್ಟಿತ್ತು. ಎರಡು, ಹಾಕೋ ಇಂಜೆಕ್ಟರುಗಳ ಹರಿವಿನ ಪರೀಕ್ಷೆಯ ಹಾಳೆ, ಒಂದೊಂದಕ್ಕೂ ಬೇರೆ ಬೇರೆ. ಮೂರು, ಹಾಕಿದ ಮೇಲೆ ಮತ್ತದೇ ಲಾಗ್. ಮೊದಲ ಕಾಗದದಲ್ಲೇ ಇಂಜೆಕ್ಟರ್ ಶೇ. 65ರಷ್ಟು ಹೊತ್ತು ಮಾತ್ರ ತೆರೆದಿದ್ದು, ಬೂಸ್ಟ್ ಹೆಚ್ಚಿಸೋ ವಿಚಾರವೂ ಇಲ್ಲದಿದ್ದರೆ, ನಿಮಗೆ ಹೊಸ ಇಂಜೆಕ್ಟರ್ ಬೇಕಾಗೇ ಇಲ್ಲ.

‘ಇದೆಲ್ಲ ಯಾಕ್ರೀ, ನಮ್ಮ ಮ್ಯಾಲ ನಂಬಿಕಿ ಇಲ್ಲೇನು?’ ಅಂತ ಕೇಳಿದರೆ, ನಗುನಗುತ್ತಾ ಕೀಲಿಕೈ ಇಸ್ಕೊಳ್ರಿ. ಗಾಡಿ ತೊಗೊಂಡು ಮನಿಗೆ ಬರ್ರಿ.