ತೂತು ತಪ್ಪಿದರೆ ಮರವೇ ಮದ್ದು

ಮಕ್ಕಳೇ, ವೀಣೆಯನ್ನು ಹತ್ತಿರದಿಂದ ನೋಡಿದ್ದೀರಾ? ಅದರ ದಂಡಿಯ ಮೇಲೆ 24 ಮೆಟ್ಟಿಲುಗಳಿರುತ್ತವೆ. ಅವನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ, ಕಪ್ಪು ಮೇಣದ ಮೇಲೆ ಕೂರಿಸಿರುತ್ತಾರೆ. ಒಂದು ಮೆಟ್ಟಿಲು ಕೂದಲೆಳೆಯಷ್ಟು ಆಚೀಚೆಯಾಗಿ ಸ್ವರ ತಪ್ಪಿತು ಅನ್ನಿ, ಮೇಣವನ್ನು ಬೆಚ್ಚಗೆ ಮಾಡಿ ಮೆಟ್ಟಿಲನ್ನು ಸರಿಸಿದರೆ ಆಯಿತು. ವೀಣೆ ತಪ್ಪನ್ನು ಬೇಗ ಮರೆಯುವ ವಾದ್ಯ.

ಗಿಟಾರ್ ಹಾಗಲ್ಲ. ಅದರ ಮೆಟ್ಟಿಲುಗಳನ್ನು ಮರದಲ್ಲಿ ಗರಗಸದಿಂದ ಸೀಳು ಮಾಡಿ ಬಡಿದು ಕೂರಿಸುತ್ತಾರೆ. ತಂತಿ ಬಿಗಿಯುವ ಬಿರಡೆಗಳಿಗೆ ತಲೆಯಲ್ಲಿ ತೂತು ಕೊರೆಯಬೇಕು. ಅಂಗಡಿಯವರು ಇವನ್ನು ಟ್ಯೂನರ್ ಅನ್ನುತ್ತಾರೆ. ತಂತಿಗಳನ್ನು ಹೊತ್ತು ನಿಲ್ಲುವ ಬ್ರಿಜ್ ಅಂದರೆ ನಮ್ಮ ವೀಣೆಯವರ ಕುದುರೆಯೇ. ಅದನ್ನು ಗಿಟಾರಿನ ಎದೆಗೆ ಅಂಟಿಸಬೇಕು. ಒಮ್ಮೆ ಕೊರೆದದ್ದು ಕೊರೆದದ್ದೇ, ಅಂಟಿಸಿದ್ದು ಅಂಟಿಸಿದ್ದೇ.

ಮನೆಯಲ್ಲಿ ಕೈಯಾರೆ ಗಿಟಾರ್ ಕಟ್ಟುವವರಿಗೆ ತೊಂದರೆ ಎದುರಾಗುವುದು ಹೆಚ್ಚಾಗಿ ಕೊನೆಯ ದಿನ. ತಿಂಗಳುಗಟ್ಟಲೆ ಮರ ಬಗ್ಗಿಸಿ, ಅಂಟಿಸಿ, ಉಜ್ಜಿ ನುಣುಪು ಮಾಡಿರುತ್ತಾರೆ. ಇನ್ನು ಬಿರಡೆ ಕೂರಿಸಿ ನಾಲ್ಕು ಸ್ಕ್ರೂ ಬಿಗಿದರೆ ಮುಗಿಯಿತು ಅನ್ನುವಾಗ ಕೈ ಅವಸರಪಡುತ್ತದೆ. ತೂತು ಎರಡು ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ, ಇಲ್ಲವೇ ಸ್ಕ್ರೂ ಒಳಗೇ ಮುರಿಯುತ್ತದೆ. ಆಗ ಏನು ಮಾಡಬೇಕು? ಈ ವಾರ ಅದನ್ನೇ ನೋಡೋಣ.

ಮೊದಲು ಕೈ ನಿಲ್ಲಿಸಿ

ತಪ್ಪು ಕಂಡ ಕೂಡಲೇ ಸಾಮಾನು ಕೆಳಗಿಡಿ. ತಂತಿ ಕಟ್ಟಿದ್ದರೆ ಆರನ್ನೂ ಸಡಿಲಿಸಿ. ಯಾಕೆ ಗೊತ್ತೇ? ಉಕ್ಕಿನ ಆರು ತಂತಿಗಳನ್ನು ಶ್ರುತಿಗೆ ತಂದಾಗ ಅವುಗಳ ಒಟ್ಟು ಎಳೆತ ಸುಮಾರು 70 ಕಿಲೋ ಭಾರಕ್ಕೆ ಸಮ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಗಿಟಾರಿಗೆ ಜೋತುಬಿದ್ದ ಹಾಗೆ! ಆ ಎಳೆತ ಇರುವಾಗ ಬಿರಡೆ ಬಿಚ್ಚಿದರೆ ತಂತಿ ಚಿಮ್ಮಿ ಕಣ್ಣಿಗೆ ಬಡಿಯಬಹುದು.

ಈ 70 ಕಿಲೋ ಎನ್ನುವ ಲೆಕ್ಕವನ್ನು ನೆನಪಿನಲ್ಲಿಡಿ. ನಾವು ಮಾಡುವ ರಿಪೇರಿ ಚೆಂದ ಕಂಡರೆ ಸಾಲದು, ಈ ಎಳೆತವನ್ನೂ ತಡೆಯಬೇಕು.

ತೂತಿಗೆ ಮರದ ಗುಳಿಗೆ

ಸ್ಪೇನ್ ಮಾದರಿಯ ಗಿಟಾರಿನಲ್ಲಿ ತಲೆಯ ಒಂದೊಂದು ಪಕ್ಕಕ್ಕೂ ಮೂರು ಬಿರಡೆಗಳು ಒಂದೇ ಲೋಹದ ಪಟ್ಟಿಯ ಮೇಲೆ ಜೋಡಿಯಾಗಿರುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸಾಮಾನ್ಯವಾಗಿ 35 ಮಿಲಿಮೀಟರ್. ಮೂರು ತೂತುಗಳಲ್ಲಿ ಒಂದು ತಪ್ಪಿದರೂ ಇಡೀ ಪಟ್ಟಿ ಒಳಗೆ ಹೋಗದು. ಒತ್ತಿ ತುರುಕಿದರೆ ಬಿರಡೆ ಬಿಗಿಯಾಗಿ ತಿರುಗುವುದೇ ಇಲ್ಲ.

"ತಾತ, ಎರಡೇ ಮಿಲಿಮೀಟರ್ ತಾನೇ? ಪಕ್ಕದಲ್ಲೇ ಇನ್ನೊಂದು ತೂತು ಕೊರೆದುಬಿಡೋಣ" ಎಂದು ಮೊಮ್ಮಗಳು ಕೇಳಬಹುದು. "ಬೇಡ ಪುಟ್ಟಿ" ಎನ್ನಬೇಕು ತಾತ. ಹಳೆಯ ತೂತಿನ ಅಂಚಿಗೆ ಡ್ರಿಲ್ ಇಟ್ಟರೆ ಅದರ ಮೂತಿ ಜಾರಿ ಹಳೆಯ ತೂತಿಗೇ ಬೀಳುತ್ತದೆ. ದುಂಡಗಿನ ತೂತು ಮೊಟ್ಟೆಯಾಕಾರವಾಗುತ್ತದೆ. ಒಂದು ತಪ್ಪಿದ್ದ ಕಡೆ ಎರಡಾಗುತ್ತದೆ.

ಸರಿಯಾದ ದಾರಿ ಎಂದರೆ ತೆಗೆದ ಮರವನ್ನು ಮರಕ್ಕೆ ವಾಪಸ್ ಕೊಟ್ಟು, ತೂತೇ ಇರಲಿಲ್ಲ ಎನ್ನುವಂತೆ ಮಾಡಿ, ಆಮೇಲೆ ಹೊಸದಾಗಿ ಕೊರೆಯುವುದು. ತೂತಿನ ಅಳತೆಗೆ ಸರಿಯಾಗಿ, ಗುಳಿಗೆಯಂತೆ ದುಂಡಗಿನ ಮರದ ತುಂಡು ಮಾಡಿಕೊಳ್ಳಿ. ತಲೆಗೆ ಯಾವ ಮರ ಬಳಸಿದ್ದಾರೋ ಅದೇ ಮರವಾದರೆ ಒಳ್ಳೆಯದು. ಮರದ ಎಳೆಗಳು ಯಾವ ಕಡೆ ಓಡುತ್ತವೋ ಗುಳಿಗೆಯ ಎಳೆಗಳೂ ಅದೇ ಕಡೆ ಓಡುವಂತೆ ಕೂರಿಸಬೇಕು.

ಎಳೆಯ ದಿಕ್ಕಿಗೆ ಯಾಕಿಷ್ಟು ಮಹತ್ವ? ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ಅಜ್ಜಿಯರಿಗೆಲ್ಲ ಗೊತ್ತು. ತೇವ ಹೀರಿದ ಮರ ಉಬ್ಬುತ್ತದೆ. ಆದರೆ ಎಲ್ಲ ಕಡೆಗೂ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಉಬ್ಬುವುದು ತೀರ ಕಡಿಮೆ, ಅಡ್ಡಕ್ಕೆ ಹೆಚ್ಚು. ಗುಳಿಗೆಯ ಎಳೆ ಬೇರೆ ಕಡೆ ಇದ್ದರೆ ಸುತ್ತಲಿನ ಮರ ಒಂದು ಕಡೆ ಉಬ್ಬಿದರೆ ಗುಳಿಗೆ ಇನ್ನೊಂದು ಕಡೆ ಉಬ್ಬುತ್ತದೆ. ಮಳೆಗಾಲ ಬೇಸಿಗೆ ಎರಡು ಕಳೆಯುವಷ್ಟರಲ್ಲಿ ಅಂಟು ಬಿಟ್ಟುಕೊಂಡು ಉಂಗುರದಂಥ ಗೆರೆ ಕಾಣಿಸುತ್ತದೆ. ಎಳೆ ಒಂದೇ ದಿಕ್ಕಿಗಿದ್ದರೆ ಎರಡೂ ಜೊತೆಯಲ್ಲೇ ಉಬ್ಬಿ ಜೊತೆಯಲ್ಲೇ ಕುಗ್ಗುತ್ತವೆ.

ಗುಳಿಗೆಗೆ ಮರಗೆಲಸದ ಅಂಟನ್ನು ತೆಳ್ಳಗೆ ಸವರಿ ತಳ್ಳಿ, ಒಂದು ದಿನ ಮುಟ್ಟದೆ ಬಿಡಿ. ಮೇಲೆ ಉಳಿದದ್ದನ್ನು ಕೊಯ್ದು, ಸ್ಯಾಂಡ್‌ಪೇಪರಿನಲ್ಲಿ ಮಟ್ಟ ಮಾಡಿ. ಇನ್ನು ಮರು ತೂತು. ಈ ಸಲ ಮೊದಲು ಒಂದು ಬೇಡದ ಮರದ ಪಟ್ಟಿಯಲ್ಲಿ ಮೂರು ತೂತು ಕೊರೆದು ಬಿರಡೆಯ ಪಟ್ಟಿ ಸಲೀಸಾಗಿ ಕೂರುತ್ತದೆಯೇ ನೋಡಿ. ಕೂತರೆ ಅದನ್ನೇ ಅಚ್ಚಾಗಿ ಇಟ್ಟು ಗಿಟಾರಿನ ಮೇಲೆ ಗುರುತು ಹಾಕಿ. ಗುರುತಿನ ನಡುವೆ ಚೂಪು ಮೊಳೆಯಿಂದ ಚುಚ್ಚಿ ಚಿಕ್ಕ ಗುಳಿ ಮಾಡಿದರೆ ಡ್ರಿಲ್‌ನ ಮೂತಿ ಜಾರುವುದಿಲ್ಲ. ಇಷ್ಟನ್ನೂ ಮೊದಲ ಸಲವೇ ಮಾಡಿದರೆ ಗುಳಿಗೆಯ ಕೆಲಸವೇ ಬೀಳದು ಎನ್ನಿ!

ಗುಳಿಗೆಗೆ ಮರ ಎಲ್ಲಿಂದ ತರುವುದು? ಹಿರಿಯರೇ, ಅಟ್ಟದ ಮೇಲೆ ಮುರಿದ ಬೀಟೆ ಮಂಚದ ಕಾಲು ಬಿದ್ದಿದ್ದರೆ ಒಲೆಗೆ ಹಾಕಬೇಡಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ ಗಿಟಾರ್ ಮಾಡುವವರಿಗೆ ಬಹಳ ಬೇಕಾದ ಮರ. ಅಮೆರಿಕದಲ್ಲಿ 1833ರಿಂದ ಗಿಟಾರ್ ಮಾಡುತ್ತಿರುವ ಮಾರ್ಟಿನ್ ಕಂಪೆನಿ ಮೊದಲು ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿತ್ತು. 1969ರಲ್ಲಿ ಭಾರತದ ಬೀಟೆಗೆ ಬದಲಾಯಿಸಿತು. ಗಿಟಾರಿನ ಬೆನ್ನು, ಪಕ್ಕೆ, ಮೆಟ್ಟಿಲಿನ ಹಲಗೆ, ಕುದುರೆ ಎಲ್ಲಕ್ಕೂ ಅದು ಆಗುತ್ತದೆ. ಚೆನ್ನಾಗಿ ಒಣಗಿದ ಹಳೆಯ ತುಂಡಾದರೆ ರಿಪೇರಿಗೆ ಇನ್ನೂ ಒಳ್ಳೆಯದು.

ಬೆಂಕಿಕಡ್ಡಿಯೂ ಮುರಿದ ಸ್ಕ್ರೂವೂ

ಬಿರಡೆಯ ಪಟ್ಟಿಯನ್ನು ಹಿಡಿಯುವ ಸ್ಕ್ರೂಗಳು ಬಹಳ ಸಣ್ಣವು. ಅಂಥ ಸ್ಕ್ರೂ ತೂತು ದೊಡ್ಡದಾಗಿ ಸುಮ್ಮನೆ ತಿರುಗುತ್ತಿದ್ದರೆ ಮದ್ದು ಅಡುಗೆಮನೆಯಲ್ಲೇ ಇದೆ. ಬೆಂಕಿಕಡ್ಡಿಯ ಮದ್ದಿನ ತಲೆ ಮುರಿದು, ಕಡ್ಡಿಯನ್ನು ಸಣ್ಣಗೆ ಸೀಳಿ, ಅಂಟಿನಲ್ಲಿ ಅದ್ದಿ ತೂತಿಗೆ ತುಂಬಿ. ಒಣಗಿದ ಮೇಲೆ ಮೇಲ್ಭಾಗ ಕತ್ತರಿಸಿ, ನಡುವೆ ಚುಚ್ಚಿ, ಸ್ಕ್ರೂ ಹಾಕಿ. ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕಿಟಕಿ ಬಾಗಿಲಿನ ಕೀಲು ಸಡಿಲವಾದಾಗ ತಾತಂದಿರು ಮಾಡುತ್ತಿದ್ದ ಉಪಾಯವೇ ಇದು.

ಸ್ಕ್ರೂ ಮುರಿದು ಒಳಗೇ ಉಳಿದರೆ ಕೆಲಸ ಸ್ವಲ್ಪ ಹೆಚ್ಚು. ಹಿತ್ತಾಳೆ ಮೆತ್ತಗಿನ ಲೋಹ, ಬೀಟೆಯಂಥ ಮರ ಗಟ್ಟಿ. ಚಿಕ್ಕ ತೂತಿಗೆ ಹಿತ್ತಾಳೆಯ ಸ್ಕ್ರೂವನ್ನು ಬಲವಾಗಿ ತಿರುಗಿಸಿದರೆ ಅದರ ಕುತ್ತಿಗೆಯೇ ಮುರಿಯುತ್ತದೆ. ಉಳಿಯಿಂದ ಕೆದಕಿ ತೆಗೆಯಲು ಹೋದರೆ ಸುತ್ತಲಿನ ಮರವೂ ಕಿತ್ತುಬರುತ್ತದೆ. ಬಲ್ಲವರು ಸಣ್ಣ ಉಕ್ಕಿನ ಕೊಳವೆ ತೆಗೆದುಕೊಂಡು, ಅದರ ಬಾಯಿಗೆ ಅರದಿಂದ ಹಲ್ಲು ಮಾಡಿ, ಮುರಿದ ಸ್ಕ್ರೂ ಕೊಳವೆಯ ನಡುವೆ ಬರುವಂತೆ ಸುತ್ತ ಕೊರೆಯುತ್ತಾರೆ. ಸ್ಕ್ರೂ ತನ್ನ ಸುತ್ತಲಿನ ತುಸು ಮರದ ಜೊತೆಗೇ ಹೊರಗೆ ಬರುತ್ತದೆ. ಉಳಿದ ಗುಂಡಿಗೆ ಮತ್ತೆ ಗುಳಿಗೆ.

ಮುರಿಯದಂತೆ ಮಾಡುವುದು ಇದಕ್ಕಿಂತ ಎಷ್ಟೋ ಸುಲಭ. ಮೊದಲು ಸರಿಯಾದ ಅಳತೆಯ ತೂತು ಕೊರೆಯಿರಿ. ಅದೇ ಅಳತೆಯ ಉಕ್ಕಿನ ಸ್ಕ್ರೂ ಒಂದನ್ನು ಹಾಕಿ ತೆಗೆದು ದಾರಿ ಮಾಡಿಕೊಳ್ಳಿ. ಆಮೇಲೆ ಹಿತ್ತಾಳೆ ಸ್ಕ್ರೂವನ್ನು ಮೇಣದಬತ್ತಿಗೆ ಉಜ್ಜಿ ಹಾಕಿ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತದೆ.

ಕುದುರೆ ನಿಲ್ಲುವ ಜಾಗ

ತಲೆಯ ಮೇಲಿನ ತಪ್ಪು ಹೆಚ್ಚಾಗಿ ನೋಟಕ್ಕೆ ಸಂಬಂಧಿಸಿದ್ದು. ಎದೆಯ ಮೇಲಿನ ತಪ್ಪು ಹಾಗಲ್ಲ. ಗಿಟಾರಿನ ದನಿ ಹುಟ್ಟುವುದು ಬಹುಮಟ್ಟಿಗೆ ಮೇಲಿನ ತೆಳು ಹಲಗೆಯಿಂದಲೇ. ಸ್ಪೇನಿನ ಹೆಸರಾಂತ ಗಿಟಾರ್ ಶಿಲ್ಪಿ ಆಂಟೋನಿಯೊ ದೆ ತೊರೆಸ್ 1862ರಲ್ಲಿ ಇದನ್ನು ತೋರಿಸಿಕೊಡಲು ಬೆನ್ನು, ಪಕ್ಕೆಗಳನ್ನು ರಟ್ಟಿನಿಂದ ಮಾಡಿ, ಮೇಲಿನ ಹಲಗೆ ಮಾತ್ರ ಮರದ್ದಿಟ್ಟು ಒಂದು ಗಿಟಾರ್ ಮಾಡಿದ. ಅದು ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಆದ್ದರಿಂದ ಈ ಹಲಗೆಯ ಮೇಲೆ ಕೆಲಸ ಮಾಡುವಾಗ ಎರಡು ಪಟ್ಟು ಜಾಗ್ರತೆ ಬೇಕು.

ಕುದುರೆ ಎಂದ ಮೇಲೆ ಜೀನು ಇರಬೇಕಲ್ಲ! ಕುದುರೆಯ ಮೇಲೆ ನಿಂತ ಬಿಳಿ ಪಟ್ಟಿಯ ಹೆಸರು ಸ್ಯಾಡಲ್, ಅಂದರೆ ಜೀನೇ. ತಂತಿ ಮಿಡಿಯುವ ಉದ್ದ 650 ಮಿಲಿಮೀಟರ್ ಎಂದುಕೊಳ್ಳಿ. 12ನೆಯ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ, 325 ಮಿಲಿಮೀಟರಿಗೆ ಇರುತ್ತದೆ. ಹಾಗಾದರೆ ಜೀನೂ ಸರಿಯಾಗಿ 650ಕ್ಕೇ ಇರಬೇಕೇ? ಇಲ್ಲ. ಬೆರಳಿನಿಂದ ಒತ್ತಿದಾಗ ತಂತಿ ಚೂರು ಹಿಗ್ಗುತ್ತದೆ, ಸ್ವರ ಚೂರು ಏರುತ್ತದೆ. ಆ ಏರಿಕೆಯನ್ನು ಕಳೆಯಲು ಜೀನನ್ನು ಒಂದೆರಡು ಮಿಲಿಮೀಟರಿನಿಂದ ನಾಲ್ಕೈದು ಮಿಲಿಮೀಟರಿನವರೆಗೆ ಹಿಂದಕ್ಕೆ ಇಡುತ್ತಾರೆ. ದಪ್ಪ ತಂತಿಗಳಿಗೆ ಹೆಚ್ಚು, ಸಣ್ಣ ತಂತಿಗಳಿಗೆ ಕಡಿಮೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಜೀನು ಓರೆಯಾಗಿ ಕಾಣುವುದು ಇದಕ್ಕೇ. ಅದು ತಪ್ಪಲ್ಲ, ಯಾರೂ ನೆಟ್ಟಗೆ ಮಾಡಲು ಹೋಗಬೇಡಿ!

ಜೀನು ಸರಿಯಾಗಿದೆಯೇ ಎಂದು ಕಿವಿಯಿಂದಲೇ ಪರೀಕ್ಷಿಸಬಹುದು. 12ನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಒತ್ತದೆ, ಬರೀ ಮುಟ್ಟಿ ಮೀಟಿ. ಗಂಟೆಯಂಥ ದನಿ ಬರುತ್ತದೆ. ಈಗ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾದರೆ ಜೀನು ಸರಿ. ಒತ್ತಿದ್ದು ಮೇಲಿದ್ದರೆ ಜೀನು ಹಿಂದಕ್ಕೆ ಹೋಗಬೇಕು, ಕೆಳಗಿದ್ದರೆ ಮುಂದಕ್ಕೆ ಬರಬೇಕು.

ತಪ್ಪು ಮಿಲಿಮೀಟರಿನ ಒಳಗಿದ್ದರೆ ಮರ ಮುಟ್ಟುವುದೇ ಬೇಡ. ಜೀನಿನ ಮೇಲಂಚನ್ನು ಅರದಿಂದ ಓರೆಯಾಗಿ ಉಜ್ಜಿ, ತಂತಿ ಕೂರುವ ಗೆರೆಯನ್ನು ಹಿಂದಕ್ಕೋ ಮುಂದಕ್ಕೋ ತಂದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಜೀನು ಕೂರುವ ಸೀಳಿಗೆ ಕುದುರೆಯದೇ ಮರದ ಪಟ್ಟಿ ತುಂಬಿ, ಸರಿಯಾದ ಜಾಗದಲ್ಲಿ ಹೊಸ ಸೀಳು ಮಾಡಬೇಕು. ಗುಳಿಗೆಯದೇ ನೀತಿ, ಆಕಾರ ಮಾತ್ರ ಬೇರೆ. ಕುದುರೆಯನ್ನೇ ಕಿತ್ತು ಸರಿಸಬೇಕಾದಷ್ಟು ತಪ್ಪಾಗಿದ್ದರೆ ಗಿಟಾರ್ ರಿಪೇರಿ ಬಲ್ಲವರ ಬಳಿಗೇ ಒಯ್ಯಿರಿ. ಬಿಸಿ ಮಾಡಿ ಅಂಟು ಬಿಡಿಸುವಾಗ ಕೆಳಗಿನ ತೆಳು ಹಲಗೆಯ ಎಳೆ ಕಿತ್ತುಬಂದರೆ ಮತ್ತೆ ಕೂರಿಸುವುದು ಬಹಳ ಕಷ್ಟ.

ತಗ್ಗಿಗೆ ಇಸ್ತ್ರಿ

ಸ್ಕ್ರೂಡ್ರೈವರ್ ಜಾರಿ ಮರದ ಮೇಲೆ ತಗ್ಗು ಬಿತ್ತು ಅನ್ನಿ. ಎಳೆಗಳು ಕತ್ತರಿಸಿಹೋಗದೆ ಬರೀ ಅದುಮಿದ್ದರೆ, ಪಾಲಿಶ್ ಇನ್ನೂ ಆಗಿರದಿದ್ದರೆ, ಅದು ತಾನಾಗಿ ಎದ್ದೇಳುತ್ತದೆ. ತಗ್ಗಿನ ಮೇಲೆ ಒಂದು ಹನಿ ನೀರು ಬಿಟ್ಟು, ಒದ್ದೆ ಬಟ್ಟೆ ಹಾಸಿ, ಬಿಸಿ ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಕೆಲವು ಕ್ಷಣ ಇಡಿ. ಹಬೆ ಒಳಗೆ ಹೋಗಿ ಅದುಮಿದ ಎಳೆಗಳು ಉಬ್ಬುತ್ತವೆ. ಅಂಟಿಸಿದ ಜಾಗದ ಹತ್ತಿರ ಮಾತ್ರ ಇದು ಬೇಡ, ಬಿಸಿಗೆ ಅಂಟೂ ಮೆತ್ತಗಾಗುತ್ತದೆ.

ಮುಚ್ಚಿಟ್ಟರೆ ಏನಾಗುತ್ತದೆ

ಇಷ್ಟೆಲ್ಲ ಯಾಕೆ, ಮರದ ಪುಡಿಗೆ ಅಂಟು ಕಲಸಿ ತೂತಿಗೆ ಮೆತ್ತಿ ಬಣ್ಣ ಹಚ್ಚಿದರೆ ಯಾರಿಗೆ ಗೊತ್ತಾಗುತ್ತದೆ ಎನಿಸಬಹುದು. ಕಣ್ಣಿಗೆ ಗೊತ್ತಾಗದು, ತಂತಿಗೆ ಗೊತ್ತಾಗುತ್ತದೆ. ಆ ಮೆತ್ತಿದ ಪುಡಿಯಲ್ಲಿ ಎಳೆಯೇ ಇಲ್ಲ, ಸ್ಕ್ರೂ ಕಚ್ಚಿ ಹಿಡಿಯಲು ಏನೂ ಇಲ್ಲ. ಎಂದೋ ಒಂದು ದಿನ, ಶಾಲೆಯ ವಾರ್ಷಿಕೋತ್ಸವದಲ್ಲಿ ನುಡಿಸುತ್ತಿರುವಾಗಲೇ, ಬಿರಡೆ ಸಡಿಲಾಗಿ ಶ್ರುತಿ ಕೆಳಗಿಳಿಯುತ್ತದೆ. ಹೆಗಲಿನ ಪಟ್ಟಿ ಸಿಕ್ಕಿಸುವ ಗುಂಡಿಯ ತೂತಿಗೆ ಹಾಗೆ ಮೆತ್ತಿದ್ದರೆ ಗಿಟಾರೇ ನೆಲಕ್ಕೆ ಬೀಳುತ್ತದೆ.

ಆದ್ದರಿಂದ ಮಕ್ಕಳೇ, ತೂತು ತಪ್ಪಿದರೆ ಆಗಲೇ ದೊಡ್ಡವರಿಗೆ ಹೇಳಿ. ಕೊರೆದ ಮರ ಹೊಸದಾಗಿ, ಒಣಗಿ, ಶುಚಿಯಾಗಿರುವಾಗ ಅಂಟು ಚೆನ್ನಾಗಿ ಹಿಡಿಯುತ್ತದೆ. ಎಣ್ಣೆ, ಪಾಲಿಶ್ ಇಳಿದ ಮೇಲೆ ಹಿಡಿಯುವುದಿಲ್ಲ. ಹಿರಿಯರೇ, ಮಗು ಬಂದು ಹೇಳಿದಾಗ ಗದರಬೇಡಿ. ಇಂದು ಬೈಸಿಕೊಂಡ ಮಗು ಮುಂದಿನ ತೂತನ್ನು ನಿಮಗೆ ತೋರಿಸುವುದಿಲ್ಲ, ಮೆತ್ತಿ ಮುಚ್ಚುತ್ತದೆ.

ಈ ಭಾನುವಾರ ಮಾಡಲು ಒಂದು ಕೆಲಸ: ಬೇಡದ ಮರದ ತುಂಡೊಂದರಲ್ಲಿ ಬೇಕೆಂದೇ ತಪ್ಪು ತೂತು ಕೊರೆದು, ಗುಳಿಗೆ ಹಾಕಿ, ಎರಡು ಮಿಲಿಮೀಟರ್ ಪಕ್ಕದಲ್ಲಿ ಮತ್ತೆ ಕೊರೆಯಿರಿ. ಬೆರಳಿನಿಂದ ಸವರಿದರೆ ಸೇರಿಕೆ ಸಿಗಬಾರದು. ಡ್ರಿಲ್ಲೂ ಇಸ್ತ್ರಿಪೆಟ್ಟಿಗೆಯೂ ತಾತ ಅಥವಾ ಅಜ್ಜಿಯ ಕೈಯಲ್ಲಿರಲಿ. ಅಳತೆ ಹಿಡಿಯುವುದು, ಗುರುತು ಹಾಕುವುದು, ಉಜ್ಜುವುದು ನಿಮ್ಮ ಪಾಲಿಗೆ.