ಟವರ್ ಏರಿದರೂ ಸಿಗ್ನಲ್ ಇಳಿಯದ ಕಾನು: ಸೊರಬ, ಶಿಕಾರಿಪುರದ ಲೆಕ್ಕವೇ ಬೇರೆ

ಶಿವಮೊಗ್ಗ: 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಬಿಎಸ್ಸೆನ್ನೆಲ್‌ನ ಸ್ವದೇಶಿ 4ಜಿ ಜಾಲವನ್ನು ಲೋಕಾರ್ಪಣೆ ಮಾಡಿದಾಗ, 97,500ಕ್ಕೂ ಹೆಚ್ಚು ಟವರ್‌ಗಳ ಲೆಕ್ಕವನ್ನು ದೇಶದ ಮುಂದಿಡಲಾಯಿತು. ಅದರ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದ್ದು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೇ. ಆದರೆ ಟವರ್‌ಗಳನ್ನು ಎಣಿಸಿದ ಮಾತ್ರಕ್ಕೆ ಮಲೆನಾಡಿನ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ ಎಂದು 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗರು ಫಲಕ ಹಿಡಿದಿದ್ದು ಇನ್ನೂ ಹಳೆಯ ಮಾತಾಗಿಲ್ಲ.

ಟವರ್‌ನ ತುದಿಯಲ್ಲಿ ಎಷ್ಟು ಆಂಟೆನಾಗಳಿವೆ, ಅವು ಯಾವ ತರಂಗಾಂತರದಲ್ಲಿ ದುಡಿಯುತ್ತವೆ ಎಂಬುದು ಟವರ್‌ನಷ್ಟೇ ಮುಖ್ಯ. ಒಂದೇ ತರಂಗಾಂತರದಲ್ಲಿ ಹಲವು ಆಂಟೆನಾಗಳ ಮೂಲಕ ಏಕಕಾಲಕ್ಕೆ ಬೇರೆಬೇರೆ ಮಾಹಿತಿ ಕಳುಹಿಸುವ ವಿಧಾನವನ್ನು 1992ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರತಿಪಾದಿಸಿದವರು ಆರೋಗ್ಯಸ್ವಾಮಿ ಪೌಲ್‌ರಾಜ್. ಭಾರತೀಯ ನೌಕಾಪಡೆಯ ಅಧಿಕಾರಿಯಾಗಿದ್ದ ಅವರು ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೊಬೊಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರೂ ಹೌದು. ‘ಮೈಮೊ’ ಎಂದು ಕರೆಯಲಾಗುವ ಈ ತಂತ್ರವೇ ಇಂದಿನ 4ಜಿ, 5ಜಿಗಳ ಬೆನ್ನೆಲುಬು.

ಈ ತಂತ್ರಕ್ಕೆ ಎರಡು ಮುಖಗಳಿವೆ. ಒಂದು ವೇಗ, ಇನ್ನೊಂದು ಭರವಸೆ. ಗುಡ್ಡ, ಮರ, ಗೋಡೆಗಳಿಗೆ ಬಡಿದು ಚದುರಿದ ಅಲೆಗಳು ಬೇರೆಬೇರೆ ದಾರಿಯಿಂದ ಬಂದು ಸೇರಿದಾಗ ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದು ಹೆಜ್ಜೆ ಸರಿದರೆ ಮಾತು ಕೇಳಿಸುವುದು, ಮತ್ತೊಂದು ಹೆಜ್ಜೆಗೆ ಕಡಿದುಹೋಗುವುದು ಇದರಿಂದಲೇ. ಒಂದು ಆಂಟೆನಾ ಹತ್ತರಲ್ಲಿ ಒಂದು ಸಲ ಸೋಲುತ್ತದೆ ಎಂದುಕೊಂಡರೆ, ಪರಸ್ಪರ ಸಂಬಂಧವಿಲ್ಲದಂತೆ ನಿಂತ ಎರಡು ಆಂಟೆನಾಗಳು ಒಟ್ಟಿಗೇ ಸೋಲುವುದು ನೂರರಲ್ಲಿ ಒಂದು ಸಲ ಮಾತ್ರ. ವೇಗದ ಮಾತು ಹಾಗಲ್ಲ. ಎರಡು ಮಾಹಿತಿಧಾರೆಗಳನ್ನು ಒಟ್ಟಿಗೇ ಹರಿಸಬೇಕಾದರೆ ಅಲೆಗಳು ಚೆನ್ನಾಗಿ ಚದುರಬೇಕು, ಜತೆಗೆ ಸಿಗ್ನಲ್ ಬಲವಾಗಿಯೂ ಇರಬೇಕು.

ಸಮಸ್ಯೆ ಇರುವುದು ಇಲ್ಲಿಯೇ. ಶಿಕಾರಿಪುರದ ಪೂರ್ವದ ಬಯಲಿನಲ್ಲಿ, ಭತ್ತ ಮತ್ತು ಮೆಕ್ಕೆಜೋಳದ ಹೊಲಗಳ ಮೇಲೆ ಸಿಗ್ನಲ್ ನೇರವಾಗಿ ಬರುತ್ತದೆ. ಬಲವಿದೆ, ಚದುರುವಿಕೆ ಕಡಿಮೆ. ಸೊರಬದ ಕಾನುಗಳಲ್ಲಿ, ಚಂದ್ರಗುತ್ತಿಯ ಗುಡ್ಡದ ಮರೆಯಲ್ಲಿ ಚದುರುವಿಕೆ ಧಾರಾಳ, ಬಲವೇ ಇಲ್ಲ. ಮಳೆಗಾಲದಲ್ಲಿ ತೊಯ್ದ ಎಲೆಗಳ ದಟ್ಟಣೆ ಅದನ್ನು ಇನ್ನಷ್ಟು ಹೀರುತ್ತದೆ. ಆದ್ದರಿಂದ ಬಯಲಿನಲ್ಲಿ ಎರಡು ಧಾರೆಗಳಿಗಾಗಿ ಆಂಟೆನಾಗಳನ್ನು ಒಂದಕ್ಕೊಂದು ಅಡ್ಡವಾಗಿ ಓರೆಯಾಗಿ ಜೋಡಿಸಿ ದುಡಿಸಿಕೊಳ್ಳಬೇಕು. ಕಾನಿನಲ್ಲಿ ವೇಗದ ಆಸೆ ಬಿಟ್ಟು, ಎಲ್ಲ ಆಂಟೆನಾಗಳನ್ನೂ ಒಂದೇ ಧಾರೆಯ ಭದ್ರತೆಗೆ ಮೀಸಲಿಡಬೇಕು. ಜಾಹೀರಾತಿನ ವೇಗದ ಅಂಕಿಗಳಿಗೆ ಇಲ್ಲಿ ಅರ್ಥ ಕಡಿಮೆ.

ಕಾಡಿಗೆ 700 ಮೆಗಾಹರ್ಟ್ಸ್ ತರಂಗಾಂತರ ಒಳ್ಳೆಯದು. 2100ಕ್ಕಿಂತ ದೂರ ಸಾಗುತ್ತದೆ. ಆದರೆ ಅದರ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್. ಎರಡು ಆಂಟೆನಾಗಳ ನಡುವೆ ಅದರ ಅರ್ಧದಷ್ಟಾದರೂ ಅಂತರವಿದ್ದರೆ ಲೇಸು. ಅಂಗೈಯಗಲದ ಮೊಬೈಲ್‌ನಲ್ಲಿ ಅಷ್ಟು ಜಾಗವೆಲ್ಲಿದೆ? ಹೀಗಾಗಿ ಸುಧಾರಣೆಯ ಹೊರೆ ಬೀಳುವುದು ಟವರ್‌ನ ಮೇಲೆಯೇ.

ಇನ್ನೂ ಒಂದು ಅಂಶವನ್ನು ಬಹುತೇಕರು ಮರೆಯುತ್ತಾರೆ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗಿದರೆ, ಮೊಬೈಲ್ ಉತ್ತರಿಸುವುದು ಗರಿಷ್ಠ 0.2 ವ್ಯಾಟ್‌ನಲ್ಲಿ. ತೆರೆಯ ಮೇಲೆ ಎರಡು ಕಡ್ಡಿ ಕಂಡರೂ ಕಳುಹಿಸಿದ್ದು ಹೋಗದಿರಲು ಇದೂ ಒಂದು ಕಾರಣ. ಹಳ್ಳಿಗೆ ಇಂದು ಬೇಕಾಗಿರುವುದು ಬಹುಪಾಲು ಕಳುಹಿಸುವ ಕೆಲಸವೇ: ಪಡಿತರ ಅಂಗಡಿಯ ಹೆಬ್ಬೆಟ್ಟು, 2020ರಲ್ಲಿ ಆರಂಭವಾದ ರೈತರ ಬೆಳೆ ಸಮೀಕ್ಷೆಯ ಛಾಯಾಚಿತ್ರ. 2023ರ ಜನವರಿಯಿಂದ ಉದ್ಯೋಗ ಖಾತರಿ ಕೂಲಿಕಾರರ ಹಾಜರಿಗೂ ಚಿತ್ರವೇ ಆಧಾರವಾಯಿತು; ಚಿತ್ರ ಹೋಗದಿದ್ದರೆ ಕೂಲಿಯೇ ಅನಿಶ್ಚಿತ. ಟವರ್‌ನಲ್ಲಿ ಎರಡರ ಬದಲು ನಾಲ್ಕು ಆಂಟೆನಾಗಳು ಆಲಿಸಿದರೆ, ಮೊಬೈಲ್ ತನ್ನ ಶಕ್ತಿಯನ್ನು ಇಮ್ಮಡಿಗೊಳಿಸಿದಷ್ಟು ಲಾಭ. ಹಾಗಾಗಿ ಹೊಸ ಟವರ್ ಕೇಳುವ ಗ್ರಾಮಸಭೆಗಳು ಆಂಟೆನಾಗಳ ಸಂಖ್ಯೆಯನ್ನೂ ಕೇಳುವುದು ಯುಕ್ತ.

ಹಾಗೆಂದು ಆಂಟೆನಾವೇ ಸರ್ವಸ್ವವಲ್ಲ. ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ ಎಂಬ ಜನರ ಮಾತು ಸತ್ಯ. ಮಳೆಹನಿಗಳ ಪಾಲು ಮಾತ್ರ ಅದರಲ್ಲಿ ಅತ್ಯಲ್ಪ. ಹೋಗುವುದು ವಿದ್ಯುತ್ತು, ಬರಿದಾಗುವುದು ಬ್ಯಾಟರಿ, ತುಂಡಾಗುವುದು ರಸ್ತೆ ಅಗೆತದಲ್ಲಿ ಸಿಕ್ಕ ಕೇಬಲ್. ಅರವತ್ನಾಲ್ಕು ಆಂಟೆನಾಗಳಿದ್ದರೂ ಬ್ಯಾಟರಿ ಸತ್ತ ಟವರ್ ಬರಿಯ ಕಬ್ಬಿಣ.

2022ರ ಜುಲೈ 27ರಂದು ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿ, 4ಜಿ ಇಲ್ಲದ 24,680 ಹಳ್ಳಿಗಳನ್ನು ತಲುಪುವ ಗುರಿ ಇಟ್ಟುಕೊಂಡಿತು. ತಲುಪುವುದಕ್ಕೆ ಹಣವಿದೆ, ತಲುಪಿದ ಮೇಲೆ ಕೆಟ್ಟರೆ ಪರಿಹಾರದ ಹಾದಿ ಕಿರಿದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳು ಸೇವಾ ಸ್ಥಗಿತಕ್ಕೆ ಗ್ರಾಹಕರಿಗೆ ಪರಿಹಾರ ಕಲ್ಪಿಸಿವೆ, ನಿಜ. ಆದರೆ ಅದು ಜಿಲ್ಲಾ ಮಟ್ಟದಲ್ಲಿ ಜಾಲ 24 ಗಂಟೆಗೂ ಮೀರಿ ನಿಂತಾಗ. ಆನವಟ್ಟಿಯಲ್ಲೋ ಉಳವಿಯಲ್ಲೋ ಒಂದು ಟವರ್ ಮೂರು ದಿನ ಮೌನವಾದರೂ, ಶಿವಮೊಗ್ಗ ನಗರದಲ್ಲಿ ಫೋನು ರಿಂಗಣಿಸುತ್ತಿರುವವರೆಗೆ ಆ ನಿಯಮದ ಕಣ್ಣಿಗೆ ಅದು ಬೀಳುವುದಿಲ್ಲ.