ಗೌರವಪ್ರತಿ

ನಮ್ಮ ಸ್ನೇಹಿತನೊಬ್ಬನು ಹೋಟೆಲು ತೆರೆದನೆನ್ನಿ. ಮೊದಲ ದಿನವೇ ಹೆಂಡತಿ ಮಕ್ಕಳೊಡನೆ ಹೋಗಿ, ಮಸಾಲೆದೋಸೆ ತಿಂದು, ಅವನು ಬೇಡಬೇಡವೆಂದರೂ ಹಣವಿಟ್ಟು ಬರುತ್ತೇವೆ. ಇಲ್ಲವಾದರೆ ನಾಲ್ಕು ಜನ ಏನೆಂದಾರು? ಅದೇ ಸ್ನೇಹಿತನು ಕಥಾಸಂಕಲನವೊಂದನ್ನು ಅಚ್ಚು ಹಾಕಿಸಿದನೆನ್ನಿ. ಆಗ ನಮ್ಮ ಬಾಯಿಂದ ಹೊರಡುವ ಮೊದಲ ಮಾತು, "ನನ್ನ ಪ್ರತಿ ಎಲ್ಲಯ್ಯಾ?" ಎಂಬುದು. ಹಿಟ್ಟು ರುಬ್ಬಿದವನ ಶ್ರಮ ನಮಗೆ ಕಾಣುತ್ತದೆ. ನಿದ್ದೆಗೆಟ್ಟು ಬರೆದವನ ಶ್ರಮಕ್ಕೆ ಬೆಲೆ ಕಟ್ಟುವುದು ಸ್ನೇಹಕ್ಕೆ ಕುಂದೆಂದು ತೋರುತ್ತದೆ. ಸಂಗೀತ ಕಛೇರಿಯ ಪಾಸು ಕೇಳುವವರೂ, ಚಿತ್ರಕಾರ ಮಿತ್ರನಿಂದ ಮಗಳ ಚಿತ್ರವನ್ನು 'ಸುಮ್ಮನೆ' ಬರೆಸಿಕೊಳ್ಳುವವರೂ ಇದೇ ಗೋತ್ರದವರು.

ಈ ಗೋತ್ರದಲ್ಲಿ ನಾನೂ ಒಬ್ಬನೆಂಬುದನ್ನು ಮುಚ್ಚಿಟ್ಟು ಫಲವಿಲ್ಲ. ನನ್ನ ಬಾಲ್ಯಮಿತ್ರನೊಬ್ಬನು ಸ್ವಂತ ಖರ್ಚಿನಿಂದ ತನ್ನ ಕಥೆಗಳ 500 ಪ್ರತಿಗಳನ್ನು ಅಚ್ಚು ಮಾಡಿಸಿದ. ಅವನ ಮನೆಯ ಮಂಚದ ಕೆಳಗೆ ಪುಸ್ತಕದ ಕಟ್ಟುಗಳಲ್ಲದೆ ಬೇರಾವುದಕ್ಕೂ ಜಾಗವಿರಲಿಲ್ಲ. ನನಗೊಂದು ಪ್ರತಿಯನ್ನು, 'ಪ್ರೀತಿಯಿಂದ' ಎಂದು ಬರೆದು, ಕೊಟ್ಟ. ನಾನು ಅದನ್ನು ಗಂಭೀರವಾಗಿ ಸ್ವೀಕರಿಸಿ, ಕಿಟ್ಟೆಲ್ಲರ ನಿಘಂಟಿನ ಪಕ್ಕದಲ್ಲಿರಿಸಿದೆ. ಮೂರು ತಿಂಗಳ ತರುವಾಯ ಅವನು ಸಂಕೋಚದಿಂದ, "ಓದಿದೆಯಾ?" ಎಂದ. "ಓಹೋ, ಸೊಗಸಾಗಿದೆ" ಎಂದೆ. "ಯಾವ ಕಥೆ ಹಿಡಿಸಿತು?" ಎಂದ. "ಎಲ್ಲವೂ" ಎಂದೆ. ಅವನು ಮುಗುಳ್ನಕ್ಕು ಹವೆಯ ವಿಚಾರ ಎತ್ತಿದ. ಕನ್ನಡದ ಎಂ.ಎ. ಪದವೀಧರನ ವಿಮರ್ಶೆ ಇಷ್ಟಕ್ಕೇ ಮುಗಿಯಿತು.

ನಮ್ಮ ಹಿರಿಯರು ಈ ವಿಷಯದಲ್ಲಿ ನಮ್ಮಷ್ಟು ದಾನಪ್ರಿಯರಾಗಿರಲಿಲ್ಲ. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಪುಸ್ತಕ ಕೊಳ್ಳುವ ಅಭ್ಯಾಸವೇ ಇಲ್ಲದ ನಾಡಿನಲ್ಲಿ ಮನೆಯ ಬಾಗಿಲಿಗೆ ಬಂದ ಆ ಗಂಟು ಎಷ್ಟು ಮಂದಿಗೆ ಓದಿನ ರುಚಿ ಹತ್ತಿಸಿತೋ! ಆದರೆ ಪ್ರತಿಯೊಬ್ಬ ಲೇಖಕನಿಗೂ ಗಳಗನಾಥರ ಹೆಗಲಿರುವುದಿಲ್ಲ. ಕೆಲವರಿಗೆ ಗೆಳೆಯರ ಹೆಗಲು ಬೇಕಾಗುತ್ತದೆ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ 'ಗೆಳೆಯರ ಗುಂಪು' ಅಂತಹ ಹೆಗಲು. ಅದೇ ಊರಿನಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿ ಬೆಳೆಯಿತು. ಯಾವ ಪುಸ್ತಕ ಬಂದೀತೆಂದು ತಿಳಿಯುವ ಮೊದಲೇ ಹಣ ಕೊಟ್ಟು ಕಾಯುವ ಓದುಗ ಎಂತಹ ಮಹಾನುಭಾವ! ಅತ್ತ ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿದರು. 'ಗರತಿಯ ಹಾಡು' 1931ರಲ್ಲಿ ಹೊರಬಂದಿತು. ಒಬ್ಬೊಬ್ಬರೇ ಹೊರಟಿದ್ದರೆ ಆ ಕೆಲಸ ಅರ್ಧ ದಾರಿಯಲ್ಲೇ ದಣಿಯುತ್ತಿತ್ತೋ ಏನೋ.

ಸ್ನೇಹಿತನ ಕೃತಿಯೆಂದ ಮಾತ್ರಕ್ಕೆ ಹೊಗಳಬೇಕೆಂದು ನಾನು ಹೇಳುವುದಿಲ್ಲ. ಹೊಗಳಿಕೆಯೂ ಒಂದು ಬಗೆಯ ಗೌರವಪ್ರತಿಯೇ; ಕೊಡುವವನಿಗೆ ಖರ್ಚಿಲ್ಲ, ಪಡೆಯುವವನಿಗೆ ಉಪಯೋಗವಿಲ್ಲ. "ಮೂರನೆಯ ಕಥೆಯ ಕೊನೆ ನನಗೆ ಒಪ್ಪಿಗೆಯಾಗಲಿಲ್ಲ" ಎಂದು ಹೇಳಬೇಕಾದರೆ ಮೂರನೆಯ ಕಥೆಯ ಕೊನೆಯವರೆಗೆ ಓದಿರಬೇಕಷ್ಟೆ. ಬರೆದವನಿಗೆ ಬೇಕಾದದ್ದು ಬಹುಮಟ್ಟಿಗೆ ಅಷ್ಟೇ.

ನನ್ನ ಕಥೆ ಅರ್ಧಕ್ಕೆ ನಿಂತಿದೆ. ಕಳೆದ ಮಳೆಗಾಲದ ಒಂದು ರಾತ್ರಿ ಹೊತ್ತು ಹೋಗದೆ ನನ್ನ ಪತ್ನಿ ಆ ಪುಸ್ತಕವನ್ನು ಕೈಗೆತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, "ಇದರಲ್ಲಿ ಬರುವ ಮೇಷ್ಟರು ಮಾವನವರಲ್ಲವೇ?" ಎಂದು ಕೇಳಿದಳು. ಕಸಿದುಕೊಂಡು ಓದಿದೆ. ಸಂಜೆ ಜಗಲಿಯ ಮೇಲೆ ನೆರೆಮನೆಯ ಹುಡುಗನಿಗೆ ಲೆಕ್ಕ ಹೇಳಿಕೊಡುವ ಮೇಷ್ಟರು; ತಪ್ಪಾದಾಗ ಗದರದೆ, ಸ್ಲೇಟನ್ನು ತಮ್ಮ ಪಂಚೆಯ ತುದಿಯಿಂದಲೇ ಒರೆಸಿ ಮತ್ತೆ ಕೈಗೆ ಕೊಡುವ ಮೇಷ್ಟರು. ಆ ಹುಡುಗ ನನ್ನ ಮಿತ್ರ. ತಂದೆಯವರು ತೀರಿಕೊಂಡು ಎಂಟು ವರ್ಷಗಳಾಗಿವೆ. ಬಳಪದ ಬಿಳಿ ಅಂಟಿದ ಆ ಪಂಚೆಯ ತುದಿಯನ್ನು ಮಗನಾದ ನಾನೇ ಮರೆತಿದ್ದೆ. "ಎಲ್ಲವೂ" ಎಂದಾಗ ಅವನು ಮುಗುಳ್ನಕ್ಕದ್ದೇಕೆಂದು ಆಗ ತಿಳಿಯಿತು.

ಮರುದಿನ ಅವನ ಮನೆಗೆ ಹೋಗಿ ಆರು ಪ್ರತಿಗಳನ್ನು ಕೇಳಿದೆ: ಅಕ್ಕನಿಗೆ, ತಮ್ಮನಿಗೆ, ಇಬ್ಬರು ಚಿಕ್ಕಪ್ಪಂದಿರಿಗೆ, ಕಾಲೇಜಿನ ಗ್ರಂಥಾಲಯಕ್ಕೆ, ನನಗೊಂದು. "ನಿನಗೆ ಕೊಟ್ಟಿದ್ದೇನಲ್ಲ?" ಎಂದ. "ಅದು ನೀನು ಕೊಟ್ಟದ್ದು" ಎಂದೆ. ಅವನು ಹೆಚ್ಚು ಮಾತನಾಡಲಿಲ್ಲ. ಬಗ್ಗಿ ಮಂಚದ ಕೆಳಗಿನಿಂದ ಕಟ್ಟೊಂದನ್ನು ಎಳೆದು, ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿ, ಆರು ಪುಸ್ತಕಗಳನ್ನು ಎಣಿಸಿಕೊಟ್ಟ. ನಾನು ಕೊಟ್ಟ ನೋಟುಗಳನ್ನೂ ಎರಡು ಸಲ ಎಣಿಸಿ, ಉಳಿದ ಚಿಲ್ಲರೆಯನ್ನು ಬಿಡದೆ ನನ್ನ ಅಂಗೈಯಲ್ಲಿಟ್ಟ.